ಗಾಜಿಗೂ ಮೂಲೆಗೂ ನಡುವೆ

“ಎಡಕ್ಕೆ! ಇನ್ನೂ ಎಡಕ್ಕೆ!” ಎಂದು ಟ್ವೈಲಾ ಗಂಡನಿಗೆ ಕೈಬೀಸಿದಳು. ಪಿಕಪ್ ಹಿಂದಕ್ಕೆ ತೆವಳಿತು. ಅದಕ್ಕೆ ಕಟ್ಟಿದ್ದ ಕ್ಯಾಂಪರ್ ಎಂಬ ಗಾಲಿಮನೆ, ಎರಡು ಪೈನ್ ಮರಗಳ ನಡುವಿನ ಜಾಗಕ್ಕೆ ತನ್ನ ಬಾಲ ತೂರಿಸಲು ಮತ್ತೊಮ್ಮೆ ಹೆಣಗಾಡುತ್ತಿತ್ತು. ಬ್ಲ್ಯಾಕ್ ಹಿಲ್ಸ್‌ನ ಆ ಬಿಡಾರದಲ್ಲಿ ಹೊಸಬರು ಗಾಡಿ ನಿಲ್ಲಿಸುವುದೇ ಎಲ್ಲರಿಗೂ ಸಂಜೆಯ ಮೋಜು. ಎದುರಿನವರು ಆಗಲೇ ಮಡಚು ಕುರ್ಚಿ ಬಿಡಿಸಿ, ಕಾಫಿ ಹಿಡಿದು ಕೂತಿದ್ದರು.

“ಯಜಮಾನ್ರೇ, ರಾತ್ರಿ ಊಟದೊಳಗೆ ಆಗುತ್ತಾ? ಇಲ್ಲಾ ನಾವು ಊಟಾನೂ ಇಲ್ಲಿಗೇ ತಂದ್ಕೊಳ್ಳೋದಾ?” ಎಂದು ಹುಲ್ಲಿನ ಟೋಪಿಯವನೊಬ್ಬ ಕೂಗಿದ.

ಸ್ಟಿಯರಿಂಗ್ ಹಿಡಿದಿದ್ದ ವರ್ಲಿನ್ ಕಿಟಕಿಯಿಂದ ತಲೆ ಹೊರಹಾಕಿದ. “ವಯಸ್ಸೆಲ್ಲಾ ದನದ ಟ್ರೇಲರ್ ಎಳೆದಿದೀನಿ ಕಣಯ್ಯಾ. ಅವು ಒಳಗೆ ಒದೀತಾ ಇರ್ತಿದ್ವು. ಇದು ಪಾಪ, ಸುಮ್ನೆ ನಿಂತಿದೆ. ನೀನು ಕಾಫಿ ಕುಡಿ.” ಹೀಗೆಂದು ಕಿಟಕಿಯ ಗಾಜು ಏರಿಸಿಕೊಂಡುಬಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ಪಿಕಪ್‌ನ ಹಿಂಬದಿಯ ತೆರೆದ ತೊಟ್ಟಿಯ ನಡುವಿನ ಕಬ್ಬಿಣದ ಗುಂಡಿನ ಮೇಲೆ ದನದ ಟ್ರೇಲರ್ ಕೊರಳು ಬಗ್ಗಿಸಿ ಕೂರುವ ಹಾಗೆಯೇ ಈ ಕ್ಯಾಂಪರ್ ಕೂಡ ಕೂತಿತ್ತು. ಆದರೆ ದನದ ಟ್ರೇಲರಿನ ಮೂತಿ ದೋಣಿಯಂತೆ ಚೂಪು. ಎಷ್ಟು ತಿರುಗಿಸಿದರೂ ಪಿಕಪ್ಪಿಗೆ ತಗಲುವುದಿಲ್ಲ. ಕ್ಯಾಂಪರಿನ ಮೂತಿ ಬೀರುವಿನಂತೆ ಚೌಕ. ಸಾಲದ್ದಕ್ಕೆ ಪಿಕಪ್ಪೂ ಹೊಸದು. ತನ್ನ ತಾಯಿ ಹೆಡ್ವಿಗ್ ಆರಾಮಾಗಿ ಕೂತು ಬರಲೆಂದು ವರ್ಲಿನ್ ನಾಲ್ಕು ಬಾಗಿಲಿನದನ್ನೇ ಹುಡುಕಿ ತಂದಿದ್ದ. ಮುಂದೆ ಒಂದು ಸೀಟು ಹೆಚ್ಚಾದಷ್ಟು ಹಿಂದೆ ತೊಟ್ಟಿ ಮೊಟಕಾಗಿ, ಕ್ಯಾಂಪರಿನ ಮೂತಿ ಕ್ಯಾಬಿನ್ನಿಗೆ ಹತ್ತಿರವಾಗಿತ್ತು. ನೆಬ್ರಾಸ್ಕಾದಲ್ಲಿ, ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ಸುತ್ತು ಹೊಡೆದು, “ನೋಡಿದ್ಯಾ, ಬೆಣ್ಣೆ ಥರ ತಿರುಗುತ್ತೆ” ಎಂದಿದ್ದ. ಅಲ್ಲಿ ಯಾವ ಮರ ಅಡ್ಡ ಬರಬೇಕು?

ಟ್ವೈಲಾಳ ಕಣ್ಣು ಕ್ಯಾಂಪರಿನ ಬಾಲದ ಮೇಲಿತ್ತು. ಕನ್ನಡಿಯಲ್ಲಿ ವರ್ಲಿನ್‌ನ ಕಣ್ಣೂ ಅಲ್ಲೇ. ಮರದ ಬೇರು ಎಡವಿ ಅವಳು ಪಕ್ಕಕ್ಕೆ ವಾಲಿದಾಗಲೇ ಮುಂದಿನ ತುದಿ ಕಂಡದ್ದು. ಕ್ಯಾಬಿನ್ನಿಗೂ ಕ್ಯಾಂಪರಿಗೂ ನಡುವೆ ಅಗಲವಾಗಿ ಕಾಣಬೇಕಿದ್ದ ಆಕಾಶ ಒಂದು ಪಟ್ಟಿಯಷ್ಟೇ ಉಳಿದಿತ್ತು. ಕ್ಯಾಂಪರಿನ ಎಡ ಮೂಲೆ ಪಿಕಪ್‌ನ ಹಿಂದಿನ ಗಾಜಿನತ್ತ ಸರಿಯುತ್ತಿತ್ತು. ಗಾಜಿನಾಚೆ, ಹಿಂದಿನ ಸೀಟಿನಲ್ಲಿ, ಹೆಡ್ವಿಗ್ ನಿದ್ದೆಹೋಗಿದ್ದಳು. ಅವಳ ಬಿಳಿ ತಲೆ ಆ ಗಾಜಿಗೇ ಒರಗಿತ್ತು.

“ನಿಲ್ಸು! ವರ್ಲಿನ್, ನಿಲ್ಸು!”

ಏರಿಸಿದ ಗಾಜನ್ನೂ ಇಂಜಿನ್ನಿನ ಸದ್ದನ್ನೂ ದಾಟಿ ಕೂಗು ಒಳಗೆ ಹೋಗಲಿಲ್ಲ. ಓಡಿಹೋಗಿ ಅವನ ಬಾಗಿಲು ಬಡಿದಳು. ಅವನು ಕನ್ನಡಿಯಿಂದ ಕಣ್ಣು ಕೀಳದೆ ಒಂದು ಬೆರಳೆತ್ತಿದ. ತಡಿ, ಆಗಿಹೋಯ್ತು ಎನ್ನುವ ಬೆರಳು. ಕುರ್ಚಿಯವರು ನೋಡುತ್ತಿರುವಾಗ ಅವನು ಅರ್ಧಕ್ಕೆ ಬಿಡುವವನಲ್ಲ. ಅದು ಅವಳಿಗೆ ಗೊತ್ತು. ಗಾಡಿ ಹಿಂದೆ ಸರಿಯುತ್ತಲೇ ಇತ್ತು.

ಅವಳು ಪಿಕಪ್‌ನ ಪಕ್ಕದ ಮೆಟ್ಟಿಲ ಮೇಲೆ ಹಾರಿ ನಿಂತು, ತೊಟ್ಟಿಯ ಅಂಚಿನ ಮೇಲಿಂದ ತೋಳು ಚಾಚಿ, ಗಾಜಿಗೂ ಮೂಲೆಗೂ ನಡುವೆ ತನ್ನ ಅಂಗೈ ಇಟ್ಟಳು. ಇನ್ನೊಂದು ಕೈಯಿಂದ ಕ್ಯಾಬಿನ್ನಿನ ಮಾಡು ಗುದ್ದಿದಳು. “ವರ್ಲಿನ್, ನನ್ನ ಕೈ!”

ಬ್ರೇಕ್ ಬಿತ್ತು. ಕ್ಯಾಂಪರಿನ ಮೂಲೆ ಅವಳ ಕೈಯ ಬೆನ್ನಿಗೆ ತಗಲಿ ನಿಂತಿತು. ಎಳೆದುಕೊಳ್ಳಲು ನೋಡಿದಳು; ಕೈ ಬರಲಿಲ್ಲ.

ವರ್ಲಿನ್ ತಿರುಗಿ ನೋಡಿದ. ಕಿಟಕಿ ಇಳಿಸಿದ. ಹುಲ್ಲಿನ ಟೋಪಿಯವನು ಕಾಫಿ ಚೆಲ್ಲಿಕೊಂಡು ಓಡಿಬಂದು, “ಮುಂದಕ್ಕೆ ತಗೊಳ್ಳಿ, ಬೇಗ ಮುಂದಕ್ಕೆ!” ಎಂದ.

“ಯಾರೂ ಅವಸರ ಮಾಡ್ಬೇಡಿ,” ಎಂದಳು ಟ್ವೈಲಾ. “ವರ್ಲಿನ್, ಮೊದ್ಲು ಅಮ್ಮನ್ನ ಮುಂದಕ್ಕೆ ಬಗ್ಗಿಸು.”

“ಅಮ್ಮಾ! ಅಮ್ಮಾ, ಸ್ವಲ್ಪ ಮುಂದಕ್ಕೆ ಬಗ್ಗು.”

ಹೆಡ್ವಿಗ್ ಕಣ್ಣು ಬಿಟ್ಟಳು. “ಬಂದ್ವಾ?”

“ಇನ್ನೂ ಇಲ್ಲ. ನೀನು ಬಗ್ಗು.”

“ಬರ್ದಿದ್ಮೇಲೆ ಯಾಕೋ ಎಬ್ಬಿಸ್ದೆ?” ಎಂದು ಅವಳು ಮತ್ತೆ ತಲೆಯನ್ನು ಗಾಜಿಗೇ ಒರಗಿಸಿದಳು. ಗಾಜು ಸಣ್ಣಗೆ ಅದುರಿದ್ದು ಟ್ವೈಲಾಳ ಅಂಗೈಗೆ ತಿಳಿಯಿತು.

“ಅಮ್ಮಾ, ಬಗ್ಗೇ!” ವರ್ಲಿನ್ ಕಿರುಚಿದ. ತಾಯಿಯ ಮುಂದೆ ಅವನು ಹಾಗೆ ಎಂದೂ ದನಿ ಎತ್ತಿದವನಲ್ಲ. ಗಾಬರಿಗೆ ಮುದುಕಿ ಮುಂದಿನ ಸೀಟು ತಬ್ಬಿ ಕೂತಳು.

“ಈಗ ಸ್ಟಿಯರಿಂಗ್ ನೆಟ್ಟಗೆ ಮಾಡು. ಆಮೇಲೆ ಮೆಲ್ಲಗೆ ಮುಂದಕ್ಕೆ ಬಿಡು.”

“ಇಲ್ಲಿ ನೆಲ ಹಿಂದಕ್ಕೆ ಇಳಿಜಾರು ಕಣೇ. ಬ್ರೇಕಿಂದ ಕಾಲು ತೆಗೆದಾಗ ಒಂಚೂರು ಜಾರಿದ್ರೂ…”

“ಜಾರಬಾರದು.”

ಅವನು ಎಡಗಾಲಿನಲ್ಲಿ ಬ್ರೇಕ್ ಅದುಮಿ ಹಿಡಿದೇ ಬಲಗಾಲಿನಿಂದ ಇಂಜಿನ್ ಏರಿಸಿದ. ಗಾಡಿ ನಡುಗಿತು. ಟ್ವೈಲಾ ಕಣ್ಣು ಮುಚ್ಚಿಕೊಂಡಳು. ಕೈಯ ಬೆನ್ನ ಮೇಲಿನ ಭಾರ ಒಂದು ಕ್ಷಣ ಹೆಚ್ಚಿತು, ಆಮೇಲೆ ಇಲ್ಲವಾಯಿತು.

ವರ್ಲಿನ್ ಇಳಿದುಬಂದು ಅವಳ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದ. ಕೆಂಪು ಗೀರೊಂದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಹುಲ್ಲಿನ ಟೋಪಿಯವನು ಗಂಟಲು ಸರಿಮಾಡಿಕೊಂಡು, “ನಮ್ಮ ಪಕ್ಕದ ಜಾಗ ಖಾಲಿ ಇದೆ. ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೊರಗೆ ಬರಬೋದು, ಹಿಂದಕ್ಕೆ ಹೋಗೋದೇ ಬೇಡ,” ಎಂದ.

“ತೋರ್ಸಪ್ಪಾ,” ಎಂದ ವರ್ಲಿನ್.

ಗಾಡಿ ನಿಲ್ಲಿಸಿಯಾದ ಮೇಲೆ ಅವನು ಬಟ್ಟೆಯ ಚೂರು ಹಿಡಿದು ಹಿಂದಿನ ಗಾಜು ಒರೆಸಲು ಹೋದ. ಹೊರಗಡೆಯ ಧೂಳಿನಲ್ಲಿ ಟ್ವೈಲಾಳ ಬೆರಳುಗಳು ಮೂಡಿದ್ದವು. ಒಳಗಡೆ, ಸರಿಯಾಗಿ ಅದೇ ಜಾಗದಲ್ಲಿ, ತಾಯಿಯ ತಲೆಯ ಎಣ್ಣೆ ಜಿಡ್ಡು ದುಂಡಗೆ ಅಂಟಿತ್ತು. ಎರಡರ ನಡುವೆ ಗಾಜಿನ ದಪ್ಪವಷ್ಟೇ ಇತ್ತು. ಅವನು ಒರೆಸದೆ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ.