ಅವ್ವ ಆರಿಸಿದ ಪುಸ್ತಕ

ನೂಲಿಗೆ ಹಾಕುವ ಗಂಜಿಯ ವಾಸನೆ ಬಂದರೆ ಈಗಲೂ ರಬಕವಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸಂತೆಯಲ್ಲಿ ಪುಸ್ತಕ ಮಾರುವವನು ದಪ್ಪನೆಯ ಪುಸ್ತಕವೊಂದನ್ನು ಅವ್ವನ ಕೈಗಿಟ್ಟು, "ಇದ್ರಾಗ ಬುದ್ಧಿಮಾತು ಭಾಳ ಅದಾವ್ರಿ ಅಕ್ಕಾರ," ಎಂದ. ಅವ್ವನಿಗೆ ಓದಲು ಬರುತ್ತಿರಲಿಲ್ಲ.

"ಒಂದ್ ಹಾಳಿ ಓದ್ರಿ, ಕೇಳೂಣು."

ಅವನು ಓದಿದ. ನಮ್ಮ ಜೊತೆ ಬಂದಿದ್ದ ಪುಟ್ಟ ತಂಗಿ ಆಕಳಿಸಿದಳು. ಅವ್ವ ಅದನ್ನು ಹಿಂದಕ್ಕೆ ಕೊಟ್ಟು ತೆಳ್ಳಗಿನದೊಂದನ್ನು ಓದಿಸಿದಳು. ಅದರಲ್ಲಿ ಬೆಕ್ಕೊಂದು ಹಾಲಿನ ಗಡಿಗೆಯಲ್ಲಿ ತಲೆ ಸಿಕ್ಕಿಸಿಕೊಂಡಿತ್ತು. ತಂಗಿ ಬಿದ್ದು ಬಿದ್ದು ನಕ್ಕಳು.

"ಇದನ್ನ ಕೊಡ್ರಿ," ಎಂದಳು ಅವ್ವ.

ಮನೆಗೆ ಬಂದು ನಾನು ತಂಗಿಗೆ ಓದಿ ಹೇಳಿದೆ. ಕತೆಯ ನಡುವೆಯೇ ಅವಳು ನಿದ್ದೆಹೋದಳು. ನಾನು ಪುಸ್ತಕ ಮುಚ್ಚಿದೆ.

ಒಳಗೆ ಅವ್ವ ನೇಯುತ್ತಿದ್ದ ಮಗ್ಗದ ಸದ್ದು ನಿಂತಿತು.

"ಯಾಕ ಬಿಟ್ಟಿ?" ಅವ್ವ ಕೂಗಿ ಕೇಳಿದಳು. "ಬೆಕ್ಕಿನ ತಲಿ ಹೊರಗ ಬಂತೋ ಇಲ್ಲೋ?"