ಸ್ಪಂಜಿನ ಚೆಂಡು

"ಚೆಂಡು ಬರಲಿ ಅಂತ ಕಾಯ್ತಾ ನಿಲ್ಲಬೇಡ, ನೀನೇ ನುಗ್ಗು. ಕಣ್ಣು ತೆರೆದಿರಲಿ. ಹಣೆಯಿಂದ ಹೊಡಿ, ಗೋಲಿನ ಬುಡಕ್ಕೆ ಇಳಿಸು," ಎನ್ನುತ್ತ ಕೋಚ್ ಚೆಂಡೆಸೆದ. ಹುಡುಗಿ ಓಡಿಬಂದು ಹಾರಿ ಹೊಡೆದಳು. ಸ್ಪಂಜಿನ ಚೆಂಡು ಸದ್ದಿಲ್ಲದೆ ಬಲೆಗೆ ಬಿತ್ತು.

ಬೆಂಚಿನ ಮೇಲೆ ಕೂತಿದ್ದ ಮುದುಕರು ಸಿಡುಕಿದರು. "ಇದೇನಯ್ಯ ಮಕ್ಕಳಾಟ? ಮ್ಯಾಚಿನಲ್ಲೂ ಸ್ಪಂಜಿನ ಚೆಂಡೇ ಕೊಡ್ತಾರಾ?"

"ಚಿಕ್ಕ ಮಕ್ಕಳು ಸರ್. ತಲೆಗೆ ಪೆಟ್ಟಾಗಬಾರದು."

"ನಮ್ಮ ಕಾಲದ ಚೆಂಡು ಚರ್ಮದ್ದು. ಕೆಸರಲ್ಲಿ ನೆಂದರೆ ಗುಂಡುಕಲ್ಲು. ದಿನಾ ಈ ಹಣೆಯಿಂದಲೇ ಹೊಡೀತಿದ್ದೆ. ನಾನು ಹಾರಿದೆ ಅಂದ್ರೆ ಗೋಲ್‌ಕೀಪರ್ ಕೈಯೆತ್ತೋ ಮೊದಲೇ ಚೆಂಡು ಒಳಗೆ. ಏನಾಯ್ತು ನನಗೆ?"

ಕೋಚ್ ಬಲೆಯಲ್ಲಿದ್ದ ಸ್ಪಂಜಿನ ಚೆಂಡನ್ನು ಎತ್ತಿಕೊಂಡು ಬಂದ.

"ನನ್ನ ಮಗನನ್ನಂತೂ ನಿನ್ನ ಕೈಗೆ ಕೊಡಲ್ಲ. ಈಗಿನ್ನೂ ಒಂಬತ್ತು ವರ್ಷ ಅವನಿಗೆ. ನಾನೇ ಕಲಿಸ್ತೀನಿ, ನಿಜವಾದ ಚೆಂಡಲ್ಲಿ."

"ಕಲಿಸಿ ಸರ್. ನಿಮಗಿಂತ ಚೆನ್ನಾಗಿ ಯಾರು ಕಲಿಸ್ತಾರೆ."

ಹೊತ್ತು ಮುಳುಗಿ ಮಕ್ಕಳೆಲ್ಲ ಹೊರಟುಹೋದರು. ಕೋಚ್ ಬೆಂಚಿನ ಮುಂದೆ ಮಂಡಿಯೂರಿ, ಮುದುಕರು ಎಡಬಲ ತಪ್ಪಿ ಹಾಕಿಕೊಂಡಿದ್ದ ಚಪ್ಪಲಿಗಳನ್ನು ಬಿಚ್ಚಿ ಸರಿಯಾಗಿ ತೊಡಿಸಿದ.

"ಮಗನ ಹೆಸರೇನು ಸರ್?"

ಮುದುಕರ ಮುಖ ಅರಳಿತು. "ಜಯಶೀಲ. ಕತ್ತಲಾದರೂ ಮೈದಾನ ಬಿಟ್ಟು ಬರಲ್ಲ, ಕಳ್ಳ. ದಿನಾ ನಾನೇ ಬಂದು ಎಳ್ಕೊಂಡು ಹೋಗ್ಬೇಕು."

"ಏಳಿ ಅಪ್ಪ, ಮನೆಗೆ ಹೋಗೋಣ," ಎಂದು ಕೈಹಿಡಿದು ಎಬ್ಬಿಸಿದ ಕೋಚ್ ಜಯಶೀಲ.