ಫೋಟೊದಲ್ಲಿ ನಾಲ್ಕನೆಯವಳು

ಒಣಗಿದ ಮೇಪಲ್ ಎಲೆಗಳ ವಾಸನೆ ಬಂದರೆ ಈಗಲೂ, ಕೈಯಲ್ಲಿ ಕ್ಯಾಮೆರಾ ಇರಲಿ ಇಲ್ಲದಿರಲಿ, ನನ್ನ ಹೆಜ್ಜೆ ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಆಗ ನನಗೆ ಹತ್ತು ವರ್ಷ. ಉಡುಪಿಯಿಂದ ಬಂದಿದ್ದ ಅಜ್ಜಿ ಮರುದಿನ ಹೊರಡುವವರಿದ್ದರು. ಬ್ರ್ಯಾಂಪ್ಟನ್ನಿನ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ, ಸೀರೆಯ ಮೇಲೆ ಅಮ್ಮನ ಜಾಕೆಟ್ ತೊಟ್ಟು, ಕೆಂಪಾದ ಮರದಡಿಯ ಬೆಂಚಿನಲ್ಲಿ ಕುಳಿತಿದ್ದರು. ಅವರ ಎರಡು ಬದಿಗೆ ಅಪ್ಪ, ಅಮ್ಮ. ಫೋನು ನನ್ನ ಕೈಯಲ್ಲಿ. ನಮ್ಮ ಮನೆಯ ಫೋಟೊಗ್ರಾಫರ್ ನಾನೇ.

"ಮೂರು ಜನ ಒಟ್ಟಿಗೆ ಫೋಟೊ ತೆಗೆಸ್ಬಾರ್ದು," ಎಂದು ಅಜ್ಜಿ ಏಳಹೊರಟರು. "ನಡುವೆ ಇರುವವರಿಗೆ ಒಳ್ಳೇದಲ್ಲ."

"ಹಾಗಾದ್ರೆ ಸೆಲ್ಫಿ ತೆಗೆಯುವ," ಎಂದರು ಅಪ್ಪ.

"ಅದರಲ್ಲಿ ಬರೀ ಮುಖ. ಊರಲ್ಲಿ ತೋರಿಸ್ಲಿಕ್ಕೆ ನನಗೆ ಮರ ಪೂರ್ತಿ ಬೇಕು ಮಾರಾಯ!"

ತಾಯಿ ಮಗನ ಈ ವಾದಕ್ಕೆ ಅಮ್ಮ ನಗತೊಡಗಿದರು. ನಾನು ಮರದ ತುದಿ ಕಾಣುವವರೆಗೂ ಹಿಂದೆ ಸರಿದೆ. ಸಂಜೆಯ ಬಿಸಿಲು ನನ್ನ ಬೆನ್ನಿಗಿತ್ತು. ನನ್ನ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಚಾಚಿಕೊಂಡಿತ್ತು.

"ನಿನ್ನ ನೆರಳು ಬೀಳ್ತಾ ಉಂಟು, ಬದಿಗೆ ಹೋಗು," ಎಂದು ಅಪ್ಪ ಕೂಗಿದರು.

"ನೋ, ಇರ್ಲಿ," ಎಂದೆ. ಕೊಂಚವೇ ಸರಿದು, ನೆರಳಿನ ತಲೆ ಬೇಕಾದಲ್ಲಿಗೆ ಮುಟ್ಟಿದಾಗ, ಯಾರಿಗೂ ಸ್ಮೈಲ್ ಎನ್ನದೆ ಒತ್ತಿದೆ.

ಅಜ್ಜಿ ಫೋನನ್ನು ಕಣ್ಣ ಹತ್ತಿರ ಹಿಡಿದು, ಬೆರಳಿಟ್ಟು ಎಣಿಸಿದರು. ಅಪ್ಪ, ಅಮ್ಮ, ತಾವು. ಆಮೇಲೆ ಬೆರಳು ಹುಲ್ಲಿನ ಮೇಲಿನ ನನ್ನ ನೆರಳಿನುದ್ದಕ್ಕೂ ಸಾಗಿ, ಅವರದೇ ಮಡಿಲಿಗೆ ಬಂದು ನಿಂತಿತು.

"ನಾಲ್ಕು," ಎಂದರು. "ಮಲಗಿದ್ದಾಳೆ ನೋಡಿ, ನನ್ನ ಮಡಿಲಲ್ಲಿ. ಹೀಗೇ ಊರಿಗೆ ಕರ್ಕೊಂಡು ಹೋಗ್ತೇನೆ. ಯಾರೂ ಎಬ್ಬಿಸ್ಬೇಡಿ."